ಮುಖೇಶನ ಕಲ್ಲು, ಕುಮುದಿನಿಯ ಶಾಲು

ಅರಬ್ಬೀ ಸಮುದ್ರ ನನ್ನನ್ನು ಕೇಳದೆ ಒಂದು ಅಲೆಯನ್ನೂ ಎಬ್ಬಿಸುವುದಿಲ್ಲ. ಅಂಥ ನಾನೇ ಹೇಳುತ್ತಿದ್ದೇನೆ: ನಮ್ಮ ದೇರೆಬೈಲಿನ ಫ್ಲಾಟಿನಲ್ಲಿ ಮುಖೇಶನಿಗೆ ಆದಂಥ ಅನ್ಯಾಯ ಭೂಲೋಕದಲ್ಲಿ ಯಾರಿಗೂ ಆಗಿಲ್ಲ.

ಪಾಪ, ಬೆಳಿಗ್ಗೆ ಬೀಚಿಗೆ ವಾಕಿಂಗ್ ಹೋದವನು ಕುಂಬಳಕಾಯಿಯಷ್ಟು ದೊಡ್ಡ ಉರುಟು ಕಲ್ಲೊಂದನ್ನು ಹೊತ್ತು ತಂದ. ಸರಿ, ಮೂಸಂಬಿಯಷ್ಟು ಎಂದಿಟ್ಟುಕೊಳ್ಳಿ. "ಡೈನೋಸಾರ್ ಮೊಟ್ಟೆ!" ಎಂದು ಫ್ಲಾಟಿನ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಹಾಕಿದ. ಸಂಜೆಯೇ ನಮ್ಮ ಫ್ಲಾಟಿನ ಸಂಘದ ವಾರ್ಷಿಕೋತ್ಸವ. ಒಬ್ಬ ಸಾಧಕರಿಗೆ ಶಾಲು ಹೊದೆಸುವುದು ವಾಡಿಕೆ. ಈ ಸಲ ಸಾಧಕರೇ ಸಿಕ್ಕಿರಲಿಲ್ಲ. "ಸ್ಕೂಟರ್ ಸರಿಸು ಮಾರಾಯ" ಎಂಬುದನ್ನು ಬಿಟ್ಟು ಬೇರೆ ಮಾತೇ ಕೇಳದ ಮುಖೇಶನಿಗೆ ಆ ಶಾಲು ಬೇಕೇ ಬೇಕಿತ್ತು.

ಬಲ್ಮಠದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತರಾದ ಹೆಲನ್ ಮೇಡಂ ಕಲ್ಲನ್ನು ತಿರುಗಿಸಿ ನೋಡಿದರು.

"ಎಂತದು ಮೊಟ್ಟೆ? ಪಳೆಯುಳಿಕೆ ಆದ್ರೆ ಮೂಳೆಯದ್ದೋ ಚಿಪ್ಪಿನದ್ದೋ ಗುರುತು ಕಾಣ್ಬೇಕು. ಇದು ಖನಿಜ ಸೇರಿ ಸೇರಿ ಉಂಡೆ ಆದದ್ದು. ಬರೀ ಗಂಟುಕಲ್ಲು."

"ಪಳೆಯುಳಿಕೆ ನಾಲಿಗೆಗೆ ಅಂಟ್ತದಂತೆ ಮೇಡಂ. ಯೂಟ್ಯೂಬಿನಲ್ಲಿ ಉಂಟು!" ಎಂದ ಮುಖೇಶ.

ತಗೊಳ್ಳಿ, ಪರೀಕ್ಷೆ ಶುರು. ಫ್ಲಾಟಿಗೆ ಫ್ಲಾಟೇ ಸಾಲು ನಿಂತು ಐಸ್‌ಕ್ಯಾಂಡಿಯಂತೆ ನೆಕ್ಕಿತು. ಯಾರ ನಾಲಿಗೆಗೂ ಅಂಟಲಿಲ್ಲ. ಮೀನು ವ್ಯಾಪಾರದ ಕುಮುದಿನಿಯಕ್ಕ ಮಾತ್ರ ಚಪ್ಪರಿಸಿ, "ಉಪ್ಪು ಸರಿ ಉಂಟು, ಹುಳಿ ಕಮ್ಮಿ" ಎಂದಳು.

ನಕ್ಕರು ನೋಡಿ, ನಾಚಿಕೆಗೆಟ್ಟವರು! ಮುಖೇಶ ಕೆಂಡವಾಗಿ, "ನಂಗೆ ಬೇಡ, ಬೇಕಾದವ್ರು ತಕ್ಕೊಳ್ಳಿ!" ಎಂದು ಕಲ್ಲನ್ನು ಅಂಗಳಕ್ಕೆಸೆದ.

"ಏಡಿ ಕಾಲು ಜಜ್ಜಲಿಕ್ಕೆ ಆಗ್ತದೆ" ಎಂದು ಕುಮುದಿನಿಯಕ್ಕ ಒಯ್ದಳು.

ಸ್ವಲ್ಪ ಹೊತ್ತಿಗೆ ಆಕೆಯ ಅಡುಗೆಮನೆಯಿಂದ ಕೂಗು. ಏಟು ತಪ್ಪಿ ರುಬ್ಬುವ ಕಲ್ಲಿಗೆ ಬಿದ್ದು, ಮುಖೇಶನ ಕಲ್ಲು ಎರಡು ಹೋಳಾಗಿತ್ತು. ಒಳಗೆ, ಕಾಲು ಮಡಚಿ ಕೂತಿತ್ತು, ಕಲ್ಲೇ ಆಗಿಹೋದ ಒಂದು ಏಡಿ!

ಹೆಲನ್ ಮೇಡಂ ಕನ್ನಡಕ ಒರೆಸಿ ಒರೆಸಿ ನೋಡಿದರು. "ಗಂಟುಕಲ್ಲೂ ಹೌದು, ಪಳೆಯುಳಿಕೆಯೂ ಹೌದು. ಸತ್ತ ಏಡಿಯ ಸುತ್ತ ಖನಿಜ ಕಟ್ಟಿದೆ. ಒಡೆಯದೆ ಗೊತ್ತಾಗುದು ಹೇಗೆ?"

"ನಾನು ಹೇಳ್ಲಿಲ್ವಾ!" ಮುಖೇಶ ಕುಣಿದ.

"ನೀನು ಹೇಳಿದ್ದು ಮೊಟ್ಟೆ. ಬಿಸಾಡಿದ್ದೂ ನೀನೇ" ಎಂದಳು ಕುಮುದಿನಿಯಕ್ಕ.

ಸಂಜೆ ಶಾಲು ಆಕೆಯ ಹೆಗಲೇರಿತು. ಮುಖೇಶನಿಗೆ ಸಿಕ್ಕಿದ್ದು ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ.

ಇದು ನ್ಯಾಯವೇ? ಇಂಥ ಸಂಘವನ್ನು ಕಟ್ಟಿ ಕಡಲಿಗೆ ಹಾಕಬೇಕು ಎಂದು ನಾನು ಗುಡುಗುತ್ತಿದ್ದಾಗ, ಮುಖೇಶನ ಹೆಂಡತಿ ಅನುಷ್ಕಾ ನನ್ನನ್ನೇ ದಿಟ್ಟಿಸಿದಳು.

"ಸಂಘದ ಅಧ್ಯಕ್ಷರು ಯಾರು ಅಣ್ಣಾ?"

"ನಾನು."

"ಶಾಲು ಯಾರಿಗೆ ಅಂತ ತೀರ್ಮಾನ ಮಾಡಿದ್ದು?"

"ಅದೂ ನಾನೇ ಮಾರಾಯ್ತಿ. ಮಧ್ಯಾಹ್ನ ಕುಮುದಿನಿಯಕ್ಕನ ಏಡಿ ಗಸಿ ನಮ್ಮ ಮನೆಗೂ ಒಂದು ಪಾತ್ರೆ ಬಂದಿತ್ತು."