ಬೆಟ್ಟಮ್ಮ ನೀರು ಬಿಟ್ಟಳು

ಸಿದ್ದರಾಜುವಿನ ಹಳೇ ಮೋಟಾರು ಬೋಟು ಬೆಳಿಗ್ಗೆ ಗೊರಗೊರ ಕೆಮ್ಮಿ ಸುಮ್ಮನಾಯಿತು. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಸೇರಿತ್ತು. ಮಳೆಗಾಲ ಮುಗಿದಾಗಲೆಲ್ಲ ಇದೇ ಗೋಳು. ಬೇರೆ ದಿನವಾಗಿದ್ದರೆ ನಾಳೆ ನೋಡೋಣ ಎಂದು ಮಲಗಿಬಿಡುತ್ತಿದ್ದ. ಆದರೆ ಅವತ್ತು ಸಿಂಧಘಟ್ಟದಿಂದ ಮಾವ ಚಲುವಯ್ಯ ಬರುವವರಿದ್ದರು.

"ಕನ್ನಂಬಾಡಿ ಹಿನ್ನೀರ್ನಾಗೆ ಆಚೆ ದಡಕ್ಕೋಗಿ ಬರಾನ. ನಡುವೆ ನಿಂತೋಯ್ತೋ, ಬೋಟ್ ಮಾರ್ಬುಟ್ಟು ನಮ್ ಕೊಟ್ಗೆಗೆ ಬಂದು ಹಾಲ್ ಕರೀಬೇಕು," ಎಂದು ಫೋನಿನಲ್ಲೇ ಹೇಳಿದ್ದರು. ಸಿದ್ದರಾಜುವಿಗೆ ಬೋಟೆಂದರೆ ಪ್ರಾಣ, ಎಮ್ಮೆಯೆಂದರೆ ನಡುಕ.

ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದರೆ ನೀರು ಹೊರಗೆ ಬರುತ್ತದೆ. ಅವನು ಮುಚ್ಚಳ ತೆಗೆದಿಟ್ಟು, ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ನೆರೆಮನೆಯ ಬೆಟ್ಟಮ್ಮನನ್ನು ಕೂಗಿದ: "ಬೆಟ್ಟವ್ವ, ಕ್ಯಾನ್ ತತ್ತೀನಿ, ಅಷ್ಟ್ರಲ್ಲಿ ವಸಿ ಟ್ಯಾಂಕ್ ನೀರ್ ಬುಡವ್ವ!"

ಬೆಟ್ಟಮ್ಮ ಹುಟ್ಟಿದಾಗಿನಿಂದ ನಾಲೆ ನೀರಿನಲ್ಲಿ ಭತ್ತ ಬೆಳೆದವಳು. ನೀರು ಬಿಡುವುದೆಂದರೆ ಅವಳಿಗೆ ಒಂದೇ ಅರ್ಥ. ಸಿದ್ದರಾಜು ಬರುವಷ್ಟರಲ್ಲಿ ಬಕೆಟ್ಟು ಬಕೆಟ್ಟು ಹೊಳೆ ನೀರು ಟ್ಯಾಂಕಿನೊಳಗೆ.

"ಬಾಯ್ಮಟ್ಟ ಬಂತು ಕಣ್ಲಾ, ಸಾಕಾ?" ಎಂದಳು.

"ಅಯ್ಯೋ, ಮನೆ ಹಾಳಾಯ್ತಲ್ಲವ್ವ!" ಸಿದ್ದರಾಜು ತಲೆಯ ಮೇಲೆ ಕೈ ಹೊತ್ತು ಕೂತ.

ಗಲಾಟೆ ಕೇಳಿ ನಿವೃತ್ತ ಮೇಷ್ಟ್ರು ಜಯರಾಮಯ್ಯ ಕೊಡೆ ಹಿಡಿದು ಬಂದರು. "ಡೀಸೆಲ್ಲು ಹಗುರ ಕಣಯ್ಯಾ, ಮೇಲೆ ತೇಲುತ್ತೆ. ಕೆಳಗಡೆ ನೀರೆಲ್ಲ ಇಳಿಸು. ಉಳಿದಿದ್ದನ್ನ ಒಗೆದ ಬಿಳೀ ಬಟ್ಟೇಲಿ ಸೋಸು."

ಕೈಗೆ ಸಿಕ್ಕ ಬಿಳೀ ಬಟ್ಟೆಯೆಂದರೆ ಚಡ್ಡಿಯಲ್ಲೇ ಕೆಲಸಕ್ಕಿಳಿದಿದ್ದವನಿಗೆ ಮಾವನ ಎದುರು ಉಡಲೆಂದು ಹೆಂಡತಿ ದಿವ್ಯ ಇಸ್ತ್ರಿ ಮಾಡಿ ಕೊಟ್ಟಿದ್ದ ಪಂಚೆ. ಬೆಟ್ಟಮ್ಮ ಒಂದು ತುದಿ ಹಿಡಿದಳು, ಮೇಷ್ಟ್ರು ಇನ್ನೊಂದು ತುದಿ ಹಿಡಿದರು. ಸಿದ್ದರಾಜು ಸುರಿದ, ಸೋಸಿದ, ಫಿಲ್ಟರು ಬದಲಿಸಿದ, ಪೈಪಿನ ಗಾಳಿ ತೆಗೆದ. ಮಾವನ ಬೈಕು ದಡಕ್ಕೆ ಬರುವುದಕ್ಕೂ ಎಂಜಿನ್ನು ಚಾಲೂ ಆಗುವುದಕ್ಕೂ ಸರಿಹೋಯಿತು.

"ಇದೇನಪ್ಪ ಅಳಿಯ, ಚಡ್ಡೀಲಿ ನಿಂತಿದ್ದೀಯ?"

ಮೇಷ್ಟ್ರೇ ಮುಂದೆ ಬಿದ್ದು ಕತೆಯನ್ನೆಲ್ಲ ಹೇಳಿದರು. ಚಲುವಯ್ಯ ಪಂಚೆಯತ್ತ ಒಮ್ಮೆ ನೋಡಿ ಬೋಟು ಹತ್ತಿದರು.

ಬೋಟು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಆಚೆ ದಡ ಮುಟ್ಟಿ ವಾಪಸು ಬಂತು. ಎಲ್ಲೂ ನಿಲ್ಲಲಿಲ್ಲ, ಒಮ್ಮೆ ಸೀನಲೂ ಇಲ್ಲ. ಸಿದ್ದರಾಜುವಿಗೆ ಕುಣಿಯುವಷ್ಟು ಖುಷಿ.

"ಗೆದ್ಬುಟ್ಟೆ ಕಣಪ್ಪ," ಚಲುವಯ್ಯ ಬೆನ್ನು ತಟ್ಟಿದರು. "ನಮ್ಮೂರಲ್ಲಿ ಟ್ರಾಕ್ಟ್ರು, ಜನರೇಟ್ರು ಎಲ್ಲಾ ಇಂಗೇ ಡೀಸೆಲ್ಗೆ ನೀರ್ ಸೇರಿ ಮಲಗವೆ. ನಾಳೆ ಬೆಳಿಗ್ಗೆನೇ ಒಂಟ್ಕೊಂಡು ಬಂದ್ಬುಡು."

"ಮಾವ, ಬೋಟ್ ನಿಲ್ಲಿಲ್ವಲ್ಲ!"

"ಅದ್ಕೇ ಕರೀತಿರಾದು. ನಿಂತಿದ್ರೆ ಬರೀ ಹಾಲ್ ಕರ್ಕೊಂಡಿರು ಅಂತಿದ್ದೆ. ಈಗ ಹಾಲ್ ಕರುದ್ಬುಟ್ಟು ಆಮೇಲೆ ಡೀಸೆಲ್ ಸೋಸು."