ಸಪ್ಪಳಿಲ್ಲದ ಗಾಡಿಯ ಉಪಕಾರಗಳು

ಪೆಟ್ರೋಲು, ಬ್ಯಾಟರಿ ಎರಡರ ಮೇಲೂ ಓಡುವ ಈ ಹೈಬ್ರಿಡ್ ಕಾರು ತಂದಾಗಿನಿಂದ ನಾನು ಮನೆಬಿಟ್ಟು ಹೊರಬಿದ್ದ ದಿನ ಏನಾದರೊಂದು ಆಗಿಯೇ ತೀರುತ್ತದೆ. ಪೆಟ್ರೋಲು ಉಳಿಯುತ್ತದೆಂದು ಮಾರಿದವನು ಹೇಳಿದ್ದ; ಉಳಿದ ಉಪಕಾರಗಳು ಅವನಿಗೂ ಗೊತ್ತಿರಲಿಕ್ಕಿಲ್ಲ. ದೇಶ ಸುತ್ತುವ ಚಟದವಳು ನಾನು. ಪರದೇಶದಲ್ಲಿ ಇಂಥ ಟ್ಯಾಕ್ಸಿಯಲ್ಲಿ ಕೂತು ತೂಕಡಿಸಿದ್ದೇನೆ. ಅಲ್ಲಿ ಅದು ಬರೀ ಗಾಡಿ. ನಮ್ಮ ಅಣ್ಣಿಗೇರಿಗೆ ಬಂದ ಮೇಲೆ ಊರ ಮಂದಿಯ ಬಾಯಿಗೆ ಬಿತ್ತು.

ಅವ್ವನಿಗಂತೂ ಅದನ್ನು ಕಂಡರಾಗದು. ತಮ್ಮನಿಗೆ ಕನ್ಯೆ ಹುಡುಕುತ್ತಿದ್ದೆವು. ಹೋದ ಹೋದಲ್ಲೆಲ್ಲ ಅವನನ್ನು ಒಲ್ಲೆ ಅಂದಿದ್ದರು. "ಗಂಡಿನವರು ಬಂದ್ರು ಅಂದ್ರ ಓಣಿಗೆಲ್ಲ ಗೊತ್ತಾಗಬೇಕವಾ. ಇದು ಬೆಕ್ಕು ಬಂದಂಗ ಬರ್ತೈತಿ. ಇದರಾಗ ಹೋದ್ರ ಅವನ ಮದಿವಿ ಆದಂಗ!"

ಪುಕ್ಕಟೆ ತೋಳ್ಬಲ

ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಂತೊಡನೆ ಎಂಜಿನ್ನೂ ತಾನೇ ಸುಮ್ಮನಾಯಿತು. ಒಳಗೆ ತಣ್ಣಗೆ ಏಸಿ, ನಾನು ರಾಣಿಯಂತೆ ಕೂತಿದ್ದೆ. ಗೇಟು ತೆಗೆಯುವ ಹೊತ್ತಿಗೆ ಹಿಂದಿನ ಟ್ರ್ಯಾಕ್ಟರಿನಿಂದ ಮೂವರು ಜಿಗಿದು ಬಂದರು. "ಅಕ್ಕಾರ, ಬಂದ್ ಬಿದ್ದೈತಿ. ಕೂಡ್ರಿ, ದಬ್ಬತೀವಿ!"

"ಬಂದ್ ಬಿದ್ದಿಲ್ರೀ..." ಅನ್ನುವಷ್ಟರಲ್ಲಿ ಮೂವರೂ ಹೆಗಲು ಕೊಟ್ಟಾಗಿತ್ತು. ನಾನು ಎಕ್ಸಲರೇಟರ್ ಒತ್ತಿದೆ, ಗಾಡಿ ಬ್ಯಾಟರಿ ಮೇಲೆ ಸಪ್ಪಳಿಲ್ಲದೆ ಹಳಿ ದಾಟಿತು. ಕನ್ನಡಿಯಲ್ಲಿ ನೋಡಿದರೆ ಒಬ್ಬ ತೋಳು ತಟ್ಟಿಕೊಳ್ಳುತ್ತಿದ್ದ. "ನೋಡಿದಿ ಏನಲೇ? ಎಂಜಿನ್ ಚಾಲೂನೇ ಆಗಿಲ್ಲ, ದಬ್ಬಿದ್ದಕ್ಕ ಎಷ್ಟು ದೂರ ಹೊಂಟೈತಿ!"

ಈಗ ಗೇಟಿನಲ್ಲಿ ನನ್ನ ಕಂಡರೆ ಸಾಕು, ಚಹಾ ಬಿಟ್ಟು ಎದ್ದು ಬರುತ್ತಾರೆ.

ಎಮ್ಮೆಯ ಪಾಲು

ಬಾಜೂ ಮನೆಯ ಕಾಕಾ ಗಾಡಿಯನ್ನು ಸುತ್ತು ಹಾಕಿ ಕೇಳಿದರು: "ಚಾರ್ಜ್ ಮಾಡಾಕ ವಾಯರ್ ಎಲ್ಲಿ ಚುಚ್ಚತೀಯವಾ?"

"ಎಲ್ಲೂ ಇಲ್ಲ ಕಾಕಾ. ಬ್ರೇಕ್ ಹಾಕಿದಾಗೆಲ್ಲ ಬ್ಯಾಟರಿ ಒಂದೀಟು ತುಂಬತೈತಿ."

ಕಾಕಾ ಗಲ್ಲ ಕೆರೆದುಕೊಂಡರು. "ಬ್ರೇಕ್ ಯಾಕ ಹಾಕತೀ?"

"ನಿಮ್ಮ ಎಮ್ಮಿ ದಿನಾ ಅಡ್ಡ ಬರ್ತಾವಲ್ಲ!"

"ಅಂದ್ರ ನಮ್ಮ ಎಮ್ಮಿ ಮ್ಯಾಲೆ ನಿನ್ನ ಗಾಡಿ ನಡೀತೈತಿ," ಎಂದು ಕಾಕಾ ತೀರ್ಮಾನಿಸಿದರು. "ನಾಳಿಂದ ಅವಕ್ಕ ಹಿಂಡಿ ನೀನ ಹಾಕು."

ಬಿಗಿ ಹಿಡಿದದ್ದು

ಕುಂದಗೋಳಕ್ಕೆ ಹೆಣ್ಣು ನೋಡಲು ಹೊರಟಾಗ ಅವ್ವ ಬೇರೆ ಗಾಡಿ ಸಿಗದೆ ಇದರಲ್ಲೇ ಕೂತಳು. ಫೋಟೋದಲ್ಲೇ ಹುಡುಗಿಯನ್ನು ಮೆಚ್ಚಿದ್ದ ತಮ್ಮ ಇಸ್ತ್ರಿ ಕೆಡದಂತೆ ಉಸಿರು ಹಿಡಿದು ಕೂತಿದ್ದ.

ಅವ್ವ ಸಂಸಾರ ಮಾಡಿದ್ದೇ ಅಪ್ಪನ ಡೀಸೆಲ್ ಜೀಪಿನ ಜೊತೆ. ಆ ಗದ್ದಲದ ಮೇಲೆ ಮಾತಾಡಿ ಮಾತಾಡಿ, ಗಾಡಿ ಹತ್ತಿದಳೆಂದರೆ ದನಿ ತಾನೇ ಏರುತ್ತದೆ. ಏಸಿ ಒಗ್ಗದೆಂದು ಕಿಟಕಿ ಬೇರೆ ಇಳಿಸಿದ್ದಳು. ಹುಡುಗಿಯ ಮನೆಯ ಓಣಿಗೆ ಗಾಡಿ ಬ್ಯಾಟರಿ ಮೇಲೆ ತೇಲುತ್ತ ಹೊಕ್ಕಾಗ ಅವ್ವ ನಮಗೆ ಗುಟ್ಟು ಹೇಳುತ್ತಿದ್ದಳು:

"ಕೇಳ್ರಿಲ್ಲೆ! ಹುಡುಗಿ ಹೆಂಗರ ಇರಲಿ, ಹೂಂ ಅನ್ನೂಣು. ಇವರೂ ಒಲ್ಲೆ ಅಂದ್ರ ಈ ಕ್ವಾಣನ್ನ ಯಾರು ಕಟಗೋತಾರ? ಆದ್ರ ಒಮ್ಮಿಗೇ ಹೂಂ ಅನಬ್ಯಾಡ್ರಿ, ಬಿಗಿ ಹಿಡೀರಿ. ಬ್ಯಾರೆ ಕಡೆನೂ ಕೇಳ್ಯಾರ ಅಂತ ನಾ ಅಂತೀನಿ, ನೀವು ಗೋಣು ಹಾಕ್ರಿ!"

ಗಾಡಿ ನಿಂತಿತು. ಕಟ್ಟೆಯ ಮೇಲೆ ಹುಡುಗಿಯ ಅಪ್ಪ ನಮ್ಮ ಕಾಲಿಗೆಂದು ಹಿಡಿದ ತಂಬಿಗೆಯ ನೀರು ಅವರ ಕಾಲ ಮೇಲೇ ಸುರಿಯುತ್ತಿತ್ತು. ಪಕ್ಕದಲ್ಲಿ ಅಜ್ಜಿ ಸೆರಗು ಬಾಯಿಗೊತ್ತಿ ಕೂತಿದ್ದಳು. ಬಾಗಿಲ ಸಂದಿಯಲ್ಲಿ ಬಳೆ ಗಲಗಲ ಅಂದವು. ತಮ್ಮ ಸೀಟಿನಲ್ಲಿ ಕರಗಿಹೋದ.

ಅವ್ವನಿಗೆ ಯಾವುದರ ಪರಿವೆಯೂ ಇಲ್ಲ. ಗತ್ತಿನಿಂದ ಇಳಿದಳು, ಚಾಪೆಯ ಮೇಲೆ ಕೂತಳು. ಹುಡುಗಿ ಬಂದು ಉಪ್ಪಿಟ್ಟು ಕೊಟ್ಟಳು. ಅವ್ವ ಗಂಟಲು ಸರಿಮಾಡಿಕೊಂಡು, "ನೋಡೂಣ್ರಿ. ಬ್ಯಾರೆ ಕಡೆನೂ ಕೇಳ್ಯಾರ," ಅಂದಳು. ನಾವಿಬ್ಬರೂ ಗೋಣು ಹಾಕಿದೆವು. ಬೇರೆ ದಾರಿ ಇರಲಿಲ್ಲ.

ಹುಡುಗಿ ಗೋಡೆಗೆ ಮುಖ ಮಾಡಿದಳು, ನಗೆಗೆ ಹೆಗಲು ಕುಣಿಯುತ್ತಿದ್ದವು. ಬಾಗಿ ಅಜ್ಜಿಯ ಕಿವಿಯಲ್ಲಿ ಏನೋ ಅಂದಳು. ಅಜ್ಜಿ ಅವ್ವನತ್ತ ತಿರುಗಿದಳು:

"ಬೀಗತೇರ, ಬಿಗಿ ಹಿಡಿದದ್ದು ಸಾಕ್ರಿ. ಹುಡುಗಿ ಒಪ್ಪ್ಯಾಳ, ನಿಮ್ಮ ಕ್ವಾಣನ್ನ ನಾವ ಕಟಗೋತೀವಿ. ಲಗೂನ ಹೂಂ ಅನ್ರಿ, ಉಪ್ಪಿಟ್ಟು ಆರಾಕತ್ತೈತಿ."