ಯಾರೂ ಯಾರನ್ನೂ ಹೊರಗೆ ಹಾಕಲಾಗದ ಗ್ರೂಪು

ಭಾನುವಾರ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಟೈಂಟೇಬಲ್ ಸಾಹೇಬರನ್ನು ಕುಟುಂಬದಿಂದ ಹೊರಗೆ ಹಾಕಲಾಯಿತು. (ಕುಟುಂಬವೆಂದರೆ ಮನೆಯಲ್ಲ, ಫೋನಿನಲ್ಲಿದ್ದ ಕುಟುಂಬದ ಗ್ರೂಪು. ಮನೆಯಿಂದ ಹಾಕಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ಅವರೇ ಆಮೇಲೆ ಹೇಳಿದ್ದುಂಟು.) ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ ಅವರ ಉದ್ಯೋಗ. ಊರಿನ ಬಸ್ಸುಗಳು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕೆಂದು ಕಂಪ್ಯೂಟರಿನಲ್ಲಿ ಹೊಂದಿಸುವುದನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ಬಸ್ಸುಗಳು ಆ ಹೊತ್ತಿಗೆ ಹೊರಡುತ್ತವೆಯೇ ಎಂಬುದು ಬೇರೆ ವಿಭಾಗಕ್ಕೆ ಸೇರಿದ್ದು.

ಅವರ ಮೇಲಿದ್ದ ಆರೋಪ ಇದು. ಹೆಂಡತಿಯ ಅಕ್ಕ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಮನೆಮಂದಿಯ ಬಾಯಲ್ಲೆಲ್ಲ ‘ಹೆಡ್ ಮೇಡಂ’, ತಮ್ಮ ಮೊಣಕಾಲಿನ ಎಕ್ಸ್‌ರೇ ಗ್ರೂಪಿಗೆ ಹಾಕಿ, “ಸವೆದಿದೆಯಂತೆ” ಎಂದು ಬರೆದಿದ್ದರು. ಹದಿನೈದು ಮಂದಿ ಅಳುಮುಖ ಒತ್ತಿದರು. ಸಾಹೇಬರು ಮಾತ್ರ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖ ಒತ್ತಿದರು. ಗ್ರೂಪಿನ ಚಿಲಕ ಹೆಡ್ ಮೇಡಂ ಕೈಯಲ್ಲಿತ್ತು. ವಿಚಾರಣೆ ನಡೆಯಲಿಲ್ಲ.

“ಬೆರಳು ಜಾರಿತು ಕಣೇ!” ಎಂದರು ಸಾಹೇಬರು.

ಹೆಂಡತಿ ಹೈಸ್ಕೂಲಿನಲ್ಲಿ ಆಟದ ಮೇಡಂ. ಮನೆಯಲ್ಲಿ ಸೀಟಿ ಊದುವುದಿಲ್ಲ, ಅದರ ಅಗತ್ಯ ಬಿದ್ದಿಲ್ಲ. “ಫೋನ್ ಮಾಡಿ ತಪ್ಪಾಯ್ತು ಅನ್ನಿ. ಅಕ್ಕ ಮತ್ತೆ ಸೇರಿಸ್ತಾಳೆ.”

“ಅನ್ನಲ್ಲ. ಇದು ತತ್ವದ ಪ್ರಶ್ನೆ. ಇಡೀ ಕುಟುಂಬದ ಬಾಗಿಲು ಒಬ್ಬರ ಕೈಲಿ ಇರಬಾರದು.”

“ಹೋದ ವಾರ ಹೀಗೆ ಹೇಳಲಿಲ್ಲವಲ್ಲ?”

“ಹೋದ ವಾರ ನಾನು ಒಳಗಿದ್ದೆ.”

ಸೋಮವಾರ ಕಚೇರಿಯಲ್ಲಿ ಪಕ್ಕದ ಮೇಜಿನ ಇಂಜಿನಿಯರಮ್ಮನ ಮುಂದೆ (ಬಸ್ಸಿನ ಹಣೆಯ ಮೇಲೆ ಮಿಣುಕುವ ಬೋರ್ಡು ಈಕೆಯ ಕೆಲಸ) ದುಃಖ ತೋಡಿಕೊಂಡರು. ಆಕೆ ಬೋರ್ಡು ರಿಪೇರಿ ಮಾಡುತ್ತಲೇ ಸಮಾಧಾನ ಹೇಳಿದಳು.

“ಯಜಮಾನರೇ ಇಲ್ಲದ ಜಾಲಗಳಿವೆ ಸರ್. ನೀವು ಬರೆದದ್ದು ರಿಲೇ ಅನ್ನೋ ಒಂದು ಕಂಪ್ಯೂಟರಿಗೆ ಹೋಗುತ್ತೆ, ಅದು ಕೇಳಿದವರಿಗೆಲ್ಲ ದಾಟಿಸುತ್ತೆ. ಅಂಥ ರಿಲೇಗಳು ಎಲ್ಲೆಲ್ಲೂ ಇವೆ, ಯಾರು ಬೇಕಾದರೂ ಇಡಬಹುದು. ಒಂದು ರಿಲೇ ಬೇಡ ಅಂದರೆ ಇನ್ನೊಂದಕ್ಕೆ ಹೋದರಾಯ್ತು. ನಿಮ್ಮನ್ನ ಪೂರ್ತಿ ಹೊರಗೆ ಹಾಕೋ ಅಧಿಕಾರ ಯಾರಿಗೂ ಇಲ್ಲ.”

ಇಪ್ಪತ್ತೆರಡು ವರ್ಷಗಳಲ್ಲಿ ಆ ಕಚೇರಿಯಲ್ಲಿ ಸಾಹೇಬರ ಕಣ್ಣು ಮೊದಲ ಬಾರಿಗೆ ಹೊಳೆಯಿತು. “ಅದಕ್ಕೆ ಆ್ಯಪ್ ನಾನೇ ಬರೀಬಹುದಾ?”

“ಲೈಬ್ರರಿ ಇದೆಯಲ್ಲ ಸರ್. ಕಷ್ಟದ ಕೆಲಸವೆಲ್ಲ ಅದೇ ಮಾಡುತ್ತೆ. ನೀವು ಅದನ್ನ ಕರೆದರೆ ಸಾಕು.”

ಸಂಜೆ ಊಟದ ಮೇಜಿನಲ್ಲಿ ಸಾಹೇಬರು ಘೋಷಿಸಿದರು: “ನಾಳೆಯಿಂದ ಬೆಳಗ್ಗೆ ಐದಕ್ಕೆ ಲೈಬ್ರರಿ.”

“ಅಷ್ಟು ಹೊತ್ತಿಗೆ ತೆಗೆದಿರ್ತಾರಾ ಅಳಿಯಂದಿರೇ?” ಎಂದರು ಜೊತೆಯಲ್ಲೇ ಇರುವ ಅತ್ತೆ.

“ಪುಸ್ತಕದ ಲೈಬ್ರರಿ ಅಲ್ಲ ಅತ್ತೆ. ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಮು. ಅದನ್ನ ತಂದು ನಮ್ಮದರೊಳಗೆ ಸೇರಿಸಿಕೊಳ್ಳೋದು.”

“ಬೇರೆಯವರು ಬರೆದದ್ದನ್ನ ನಮ್ಮದರೊಳಗೆ ಸೇರಿಸಿದರೆ ನನ್ನ ದೊಡ್ಡ ಮಗಳು ಬೆಂಚಿನ ಮೇಲೆ ನಿಲ್ಲಿಸ್ತಿದ್ದಳು,” ಎಂದು ಅತ್ತೆ ಸಾರು ಬಡಿಸಿಕೊಂಡರು.

ಲೈಬ್ರರಿಯ ಕೈಪಿಡಿ ಸಾಮಾನ್ಯದ್ದಾಗಿರಲಿಲ್ಲ. ಅರ್ಥವಾಗದ ಒಂದು ಪದವನ್ನು ಅರ್ಥವಾಗದ ಎರಡು ಪದಗಳಿಂದ ವಿವರಿಸುತ್ತಿತ್ತು, ಆ ಎರಡನ್ನು ಹುಡುಕಿಕೊಂಡು ಹೋದರೆ ನಾಲ್ಕು ಕಾದು ಕುಳಿತಿರುತ್ತಿದ್ದವು. ಅಲ್ಲಿ ಎಲ್ಲವೂ ‘ಘಟನೆ’. ಬರೆದರೆ ಒಂದು ಘಟನೆ, ಮೆಚ್ಚಿದರೆ ಒಂದು ಘಟನೆ, ಚಿತ್ರ ಬದಲಿಸಿದರೆ ಒಂದು ಘಟನೆ. “ಅಂತೂ ಈ ಮನೇಲೂ ಏನೋ ಘಟನೆ ನಡೀತಿದೆ,” ಎಂದು ಹೆಂಡತಿ ಶೂ ಕಟ್ಟಿಕೊಂಡು ಶಾಲೆಗೆ ಹೋದಳು. ಮನುಷ್ಯರಿಗೆ ಅಲ್ಲಿ ಹೆಸರೂ ಇರಲಿಲ್ಲ. ಅರವತ್ತಕ್ಕೂ ಹೆಚ್ಚು ಅಕ್ಷರ ಮತ್ತು ಅಂಕಿಗಳ ಒಂದು ಬಾಲವೇ ಹೆಸರು. ತಮ್ಮ ಹೊಸ ಹೆಸರನ್ನು ಕನ್ನಡಕ ಹಾಕಿಕೊಂಡು ಓದಲು ಹೊರಟ ಅತ್ತೆ ಅರ್ಧ ದಾರಿಯಲ್ಲಿ ಸುಸ್ತಾಗಿ, “ಮಿಕ್ಕ ಹೆಸರು ನಾಳೆ ಓದ್ತೀನಿ,” ಎಂದರು.

ಮೂರು ವಾರಗಳ ಮುಂಜಾವನ್ನು ಸುರಿದು ಸಾಹೇಬರು ಆ್ಯಪ್ ಮುಗಿಸಿದರು. ಅದಕ್ಕೆ ‘ಮುಕ್ತಬಂಧು’ ಎಂದು ನಾಮಕರಣವಾಯಿತು.

“ಬಂಧುಗಳಿಂದ ಮುಕ್ತಿ ಅಂತಲಾ?” ಎಂದಳು ಹೆಂಡತಿ.

“ಮುಕ್ತವಾದ ಬಂಧುಗಳು ಅಂತ!”

“ಯಾವುದಕ್ಕೂ ಅಕ್ಕನಿಗೆ ಮೊದಲನೇ ಅರ್ಥ ಹೊಳೆಯೋಕೆ ಮುಂಚೆ ಹಾಕಿಸಿಬಿಡ್ತೀನಿ.”

ಹೇಳಿದ ಹಾಗೆ ಅವಳು ಎರಡೇ ದಿನದಲ್ಲಿ ಹದಿನಾರೂ ಮಂದಿಯ ಫೋನಿಗೆ ಅದನ್ನು ಹಾಕಿಸಿದಳು. ಹೆಡ್ ಮೇಡಂ ಕೂಡ ಹಾಕಿಸಿಕೊಂಡರು, ಮೇಲ್ವಿಚಾರಣೆಯ ದೃಷ್ಟಿಯಿಂದ. ಸಾಹೇಬರು ಎದೆಯುಬ್ಬಿಸಿ ಮೊದಲ ಸಂದೇಶ ಬರೆದರು: “ಆತ್ಮೀಯರೇ, ಇಂದಿನಿಂದ ನಾವೆಲ್ಲ ಸಮಾನರು.”

ಯಾರೂ ಉತ್ತರಿಸಲಿಲ್ಲ.

ಮರುದಿನ ಬೆಳಗ್ಗೆ ಒಂದು ಉದ್ದ ಬಾಲದ ಹೆಸರಿನಿಂದ, “ಹಲೋ” ಎಂದು ಬಂತು. ಬಾಲ ನೋಡಿ ಯಾರೆಂದು ಹೇಳುವುದು ಹೇಗೆ? ಅಡುಗೆಮನೆಯಲ್ಲಿ ಅತ್ತೆ ಫೋನು ಹಿಡಿದು ನಿಂತದ್ದು ಕಂಡು, ಸಾಹೇಬರು ಬಾಗಿಲಲ್ಲಿ ಇಣುಕಿ, “ಹಲೋ ಅತ್ತೆ!” ಎಂದರು.

ಅತ್ತೆ ಬೆಚ್ಚಿಬಿದ್ದರು. “ಹಲೋ,” ಎಂದು ಮೆಲ್ಲಗೆ ಹೇಳಿ, ಮಗಳ ಕಡೆ ತಿರುಗಿ ಕಣ್ಣಲ್ಲೇ ಏನೋ ಕೇಳಿದರು.

ಮಧ್ಯಾಹ್ನ ಇನ್ನೊಂದು ಬಾಲದಿಂದ, “ಟೆಸ್ಟ್.” ಸಂಜೆಗೆ, “ಟೆಸ್ಟ್ ಎರಡು.” ಸಾಹೇಬರಿಗೆ ಅವಮಾನವಾಯಿತು. ತಾವು ಸಮಾನತೆಯ ಬಗ್ಗೆ ಬರೆದರೆ ಯಾರೋ ಟೆಸ್ಟ್ ಎಂದು ಗೇಲಿ ಮಾಡುತ್ತಿದ್ದಾರೆ! ಇತ್ತ ಮನೆಯಲ್ಲಿ ಹೆಂಡತಿಯ ಫೋನು ಟಿಂಗ್, ಅತ್ತೆಯ ಫೋನು ಟಿಂಗ್, ಬೆನ್ನಲ್ಲೇ ಇಬ್ಬರ ನಗು. ಸಾಹೇಬರ ಫೋನು ಮಾತ್ರ ಮೌನವ್ರತ. ಬೇರೆ ಗುಟ್ಟಿನ ಗ್ರೂಪು ಮಾಡಿಕೊಂಡಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಕೇಳಲು ಸ್ವಾಭಿಮಾನ ಬಿಡಲಿಲ್ಲ.

“ಯಾಕ್ರೀ, ನಿಮ್ಮದೇ ಆ್ಯಪಲ್ಲಿ ನೀವೇ ತುಟಿ ಬಿಚ್ಚುತ್ತಿಲ್ಲ?” ಎಂದು ಒಮ್ಮೆ ಹೆಂಡತಿಯೇ ಕೇಳಿದಳು.

ಇದು ಗಾಯದ ಮೇಲೆ ಉಪ್ಪು ಎಂದುಕೊಂಡು ಅವರು, “ಬಿಚ್ಚಿದ್ದನ್ನ ಓದೋರು ಓದಲಿ,” ಎಂದು ಒಗಟಿನಂತೆ ನುಡಿದು ಸ್ನಾನಕ್ಕೆ ಹೋದರು.

ದಿನವೂ ಬರೆದರು. ಮೂರನೆಯ ದಿನ ವ್ಯಂಗ್ಯವಾಗಿ, ಐದನೆಯ ದಿನ ಕಟುವಾಗಿ, ಏಳನೆಯ ದಿನ ತಮ್ಮ ಬಾಲ್ಯದ ಬಗ್ಗೆ. ಎಂಟನೆಯ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನು ತೆಗೆದರು. ಹದಿನಾರು ಜನ ಸೇರಿ ಒಬ್ಬನನ್ನು ಹೀಗೆ ಬಿಟ್ಟುಬಿಡುವುದೇ? ಒಳಗಿದ್ದದ್ದನ್ನೆಲ್ಲ ಸುರಿದುಬಿಟ್ಟರು. ಅದನ್ನು ಕಳಿಸಿದ ಮೇಲೆ ಮನಸ್ಸು ಹಗುರಾಗಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದರು.

ಒಂಬತ್ತನೆಯ ದಿನ ಭಾನುವಾರ, ಹೆಡ್ ಮೇಡಂ ಬಂದರು. ಎರಡು ಮಹಡಿ ಮೆಟ್ಟಿಲು ಹತ್ತಿ, ಸವೆದ ಮೊಣಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು. ಸಾಹೇಬರು ಎದ್ದು ನಿಂತರು. ತಮ್ಮ ಬರಹಕ್ಕೆ ಇಷ್ಟು ಶಕ್ತಿಯೇ!

“ಕೂತ್ಕೊಳ್ಳಿ,” ಎಂದರು ಹೆಡ್ ಮೇಡಂ. “ನಾನು ದುಡುಕಿದೆ. ಬೆರಳು ಜಾರಿತು ಅಂತ ನನ್ನ ತಂಗಿ ನೂರು ಸಲ ಹೇಳಿದಳು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಪಾಪ, ಎಲ್ಲರಿಗೂ ಅಂತ ಆ್ಯಪ್ ಮಾಡಿಕೊಟ್ಟು ನೀವು ಮಾತ್ರ ಒಂಬತ್ತು ದಿನ ಒಂದಕ್ಷರ ಬರೀಲಿಲ್ಲ. ಅಷ್ಟು ನೊಂದುಕೊಂಡಿದ್ದೀರ ಅಂತ ಗೊತ್ತಾಗಿ ಮನಸ್ಸು ತಡೀಲಿಲ್ಲ. ಕ್ಷಮಿಸಿಬಿಡಿ.”

ಹೆಂಡತಿ ಕಣ್ಣೊರೆಸಿಕೊಂಡಳು. ಇಲ್ಲಿಗೆ ಸುಮ್ಮನಿದ್ದಿದ್ದರೆ ಸಾಹೇಬರು ಆ ಮನೆತನದಲ್ಲಿ ಮಹಾತ್ಮರೆನಿಸಿಕೊಳ್ಳುತ್ತಿದ್ದರು. ಆದರೆ ಅವರ ತಲೆಯಲ್ಲಿ ಸಿಕ್ಕಿಕೊಂಡದ್ದು ಒಂದೇ ಮಾತು.

“ಒಂದಕ್ಷರ ಬರೀಲಿಲ್ಲವಾ? ಅತ್ತಿಗೆ, ನಾನು ದಿನಾ ಬರೆದಿದ್ದೀನಿ!”

“ಎಲ್ಲಿ? ನಮಗೇನೂ ಬಂದಿಲ್ಲ.”

“ನೀವು ಯಾರೂ ನನಗೆ ಉತ್ತರ ಕೊಟ್ಟಿಲ್ಲ! ಹಲೋ, ಟೆಸ್ಟ್ ಅಂತ ಬಿಟ್ಟರೆ.”

“ಟೆಸ್ಟ್ ಅಂತ ನಾನ್ಯಾಕೆ ಬರೀಲಿ? ನಾನು ರಿಟೈರಾಗಿ ನಾಲ್ಕು ವರ್ಷ ಆಯ್ತು.”

ಸಾಹೇಬರು ತಮ್ಮ ಫೋನನ್ನೂ ಅತ್ತಿಗೆಯ ಫೋನನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಎಲ್ಲರ ಫೋನಿನಲ್ಲೂ ಇದ್ದದ್ದು ಒಂದು ರಿಲೇಯ ವಿಳಾಸ, ಅವರ ಫೋನಿನಲ್ಲಿ ಮಾತ್ರ ಬೇರೊಂದರದು. ಕಲಿಯುವವರು ಕೈ ಪಳಗಿಸಿಕೊಳ್ಳಲೆಂದು ಲೈಬ್ರರಿಯ ಕೈಪಿಡಿ ಉದಾಹರಣೆಗೆ ಕೊಟ್ಟಿದ್ದ ಅಭ್ಯಾಸದ ರಿಲೇ ಅದು. ಮನೆಯವರ ಆ್ಯಪಿನಲ್ಲಿ ಬದಲಿಸಿ, ತಮ್ಮದರಲ್ಲಿ ಬದಲಿಸಲು ಮರೆತಿದ್ದರು. ಒಂಬತ್ತು ದಿನ ಅವರು ಸಮಾನತೆ, ವ್ಯಂಗ್ಯ, ಬಾಲ್ಯ ಎಲ್ಲವನ್ನೂ ಹೇಳಿಕೊಂಡದ್ದು ತಮ್ಮಂತೆಯೇ ಆ್ಯಪ್ ಕಲಿಯುತ್ತಿದ್ದ ಅಪರಿಚಿತರಿಗೆ.

“ರಿಲೇ ಓಟದಲ್ಲಿ ಬೇರೆ ಟೀಮಿಗೆ ಕೋಲು ಕೊಟ್ಟ ಹಾಗಾಯ್ತು,” ಎಂದಳು ಆಟದ ಮೇಡಂ.

“ಈಗಲೇ ಸರಿ ಮಾಡ್ತೀನಿ. ಹಳೆಯದನ್ನೆಲ್ಲ ಹೊಸ ರಿಲೇಗೆ ಮತ್ತೆ ಕಳಿಸೋ ಏರ್ಪಾಡು ಲೈಬ್ರರೀಲೇ ಇದೆ. ನಾನು ಮುನಿಸಿಕೊಂಡು ಕೂತವನಲ್ಲ ಅಂತ ನೀವೇ ನೋಡಿ ಅತ್ತಿಗೆ!” ಸಾಹೇಬರು ವಿಳಾಸ ತಿದ್ದಿ ಗುಂಡಿ ಒತ್ತಿದರು.

ಟಿಂಗ್ ಟಿಂಗ್ ಟಿಂಗ್ ಎಂದು ಮೂರೂ ಫೋನುಗಳು ಒಟ್ಟಿಗೆ ಬಡಿದುಕೊಂಡವು. ಮೊದಲ ಸಲ ಲೈಬ್ರರಿ ಹೇಳಿದ್ದನ್ನು ಹೇಳಿದಂತೆ ಮಾಡಿತ್ತು. ಸಾಹೇಬರು ಹೆಮ್ಮೆಯಿಂದ ಸುತ್ತ ನೋಡಿದರು. ನೋಡುತ್ತಿರುವಾಗಲೇ ಎಂಟನೆಯ ದಿನ ಬಸ್ಸಿನಲ್ಲಿ ಬರೆದದ್ದು ನೆನಪಾಯಿತು.

ಅಷ್ಟರಲ್ಲಿ ಅತ್ತೆ ಅದನ್ನೇ ತೆರೆದು, ಒಂದೊಂದು ಪದಕ್ಕೂ ನಿಂತು, ಗಟ್ಟಿಯಾಗಿ ಓದತೊಡಗಿದ್ದರು: “‘ಅತ್ತಿಗೆ, ಇನ್ನು ಸುಳ್ಳು ಹೇಳಲಾರೆ. ಅಂದು ನನ್ನ ಬೆರಳು ಜಾರಲಿಲ್ಲ. ನಿಜಕ್ಕೂ ನಗು ಬಂತು. ಆ ಎಕ್ಸ್‌ರೇಯಲ್ಲಿ ಮೊಣಕಾಲ ಚಿಪ್ಪು ಥೇಟ್ ನಿಮ್ಮ ಮುಖದಂತೆ ಕಂಡಿತು. ಅದೂ, ತಡವಾಗಿ ಬಂದ ಮಕ್ಕಳನ್ನು ನೀವು ನೋಡುವಾಗಿನ ಮುಖ...’”

ಹೆಡ್ ಮೇಡಂ ಸಾಹೇಬರನ್ನು ನೋಡಿದರು. ತಡವಾಗಿ ಬಂದ ಮಕ್ಕಳನ್ನು ನೋಡುವಾಗಿನ ಮುಖ ಅದೇ ಇರಬೇಕು.

ಅತ್ತೆ ಆ ಹಳೆಯ ಎಕ್ಸ್‌ರೇ ಹುಡುಕಿ ತೆಗೆದು, ಫೋನನ್ನು ದೊಡ್ಡ ಮಗಳ ಮುಖದ ಪಕ್ಕ ಹಿಡಿದು, ತಲೆ ಓರೆ ಮಾಡಿ ಪರಿಶೀಲಿಸಿದರು. “ಹೌದಲ್ಲೇ! ಗಲ್ಲ ಕೂಡ.”

ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

“ಈಗ ಕೇಳಿದ ಕ್ಷಮೆ ವಾಪಸ್ ತಗೊಂಡಿದ್ದೀನಿ,” ಎಂದರು ಹೆಡ್ ಮೇಡಂ. “ಇದರಿಂದ ಇವರನ್ನ ತೆಗೆಯೋಕೆ ಎಲ್ಲಿ ಒತ್ತಬೇಕು?”

“ತೆಗೆಯೋಕಾಗಲ್ಲ ಅತ್ತಿಗೆ. ಅದಕ್ಕೇ ಅಲ್ಲವೇ ಇದನ್ನ...” ಎಂದು ಅರ್ಧಕ್ಕೇ ನಿಲ್ಲಿಸಿದರು ಸಾಹೇಬರು. ಆತುರದಿಂದ ಆ ಸಂದೇಶದ ಮೇಲೆ ‘ಅಳಿಸು’ ಒತ್ತಿದರು.

ಟಿಂಗ್ ಟಿಂಗ್ ಟಿಂಗ್.

ಯಜಮಾನರಿಲ್ಲದ ಜಾಲದಲ್ಲಿ ಅಳಿಸುವುದೂ ಒಂದು ಘಟನೆಯೇ. ಅಪ್ಪಣೆಯಲ್ಲ, ಬರೀ ವಿನಂತಿ. ಆ ವಿನಂತಿ ಬಂದಾಗ ಏನು ಮಾಡಬೇಕೆಂದು ಆ್ಯಪಿನವರೇ ಬರೆದುಕೊಳ್ಳಬೇಕು ಎಂದು ಕೈಪಿಡಿಯ ಕೊನೆಯ ಪುಟದಲ್ಲಿತ್ತು. ಸಾಹೇಬರು ಆ ಪುಟಕ್ಕೆ ಇನ್ನೂ ಹೋಗಿರಲಿಲ್ಲ. ಹಾಗಾಗಿ ಆ ವಿನಂತಿ ಹೊಸದೊಂದು ಸಂದೇಶವಾಗಿ, ಅಲ್ಲಿದ್ದವರಿಗೂ ಅಲ್ಲಿಲ್ಲದವರಿಗೂ, ಭಾನುವಾರದ ನಿದ್ದೆಯಲ್ಲಿದ್ದವರಿಗೂ ಹೋಗಿ ತಟ್ಟಿ ಎಬ್ಬಿಸಿತು.

“ಅಳಿಯಂದಿರೇ, ‘ದಯವಿಟ್ಟು ಅಳಿಸಿ’ ಅಂತ ನಿಮ್ಮಿಂದ ಬಂದಿದೆ,” ಎಂದರು ಅತ್ತೆ ಕನ್ನಡಕ ಸರಿಪಡಿಸಿಕೊಳ್ಳುತ್ತ. “ಯಾವುದನ್ನ ಅಂತ ಬರೆದಿಲ್ಲವಲ್ಲ. ಇರಿ, ಮೊದಲಿಂದ ಓದಿ ನೋಡ್ತೀನಿ.”

ಎಂದವರೇ ಕುರ್ಚಿ ಬೆಳಕಿಗೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಇನ್ನಷ್ಟು ಗಟ್ಟಿಯಾಗಿ ಶುರುಮಾಡಿದರು.